ಶುಕ್ರವಾರದವರು

ಸುಂಟಿಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಇಸ್ತ್ರಿ ಅಂಗಡಿ.
ಕಕ್ಕಡ ತಿಂಗಳು. ಯಾವ ಬಟ್ಟೆಯೂ ಒಣಗುವುದಿಲ್ಲ,
ಒಣಗಿದಂತೆ ನಟಿಸುತ್ತದೆ;
ತೊಟ್ಟ ಮೇಲೆ ಕಂಕುಳಲ್ಲಿ ನಿಜ ಹೇಳುತ್ತದೆ.

ಅದಕ್ಕೇ ಒಳಗೊಂದು ಕೋಣೆ ಮಾಡಿದ್ದೇನೆ:
ಬೋರಲು ಹಾಕಿದ ನಾಲ್ಕು ಬಿದಿರು ಬುಟ್ಟಿ, ಕೆಳಗೆ ಕೆಂಡ,
ಮೇಲೆ ತಂತಿ. ತಂತಿಯಲ್ಲಿ
ಪೊಲೀಸರ ಖಾಕಿ, ಮದುಮಗಳ ಲಂಗ, ಕಾನ್ವೆಂಟಿನ ಸಾಕ್ಸು
ಒಂದೇ ಜಾತಿಯ ಹಬೆ ಬಿಡುತ್ತವೆ.

ಶುಕ್ರವಾರ ಮಧ್ಯಾಹ್ನ ಅವರು ಬರುತ್ತಾರೆ.
ಇಪ್ಪತ್ತೊಂದು ವರ್ಷ ಬಹರೈನಿನಲ್ಲಿ
ಶುಕ್ರವಾರ ರಜೆ ಉಂಡ ಮೈಗೆ
ಕ್ಯಾಲೆಂಡರು ಬದಲಾದದ್ದು ಇನ್ನೂ ತಿಳಿದಿಲ್ಲ.
ಅಲ್ಲಿ ಕುಬ್ಬೂಸ್ ಸುಡುತ್ತಿದ್ದ ನಾಪೋಕ್ಲಿನ ಮೊಯ್ದು, ಜುಮ್ಮಾ ಮುಗಿಸಿ;
ಆಸ್ಪತ್ರೆಯ ರಾತ್ರಿಪಾಳಿಯಲ್ಲಿದ್ದ ಸೆವ್ರಿನ್ ಬಾಯಿ;
ಊರ ಹೆಸರಲ್ಲೇ ಶನಿವಾರ ಇಟ್ಟುಕೊಂಡೂ
ಒಂದು ದಿನ ಮೊದಲೇ ಬರುವ
ಶನಿವಾರಸಂತೆಯ ಈರಪ್ಪ, ಕ್ರೇನಿನವನು.

ಆಡುವುದು ಅರ್ಧ ಕನ್ನಡ, ಕಾಲು ಮಲಯಾಳ,
ಉಳಿದದ್ದು ಕ್ರಿಯಾಪದವಿಲ್ಲದ ಕೊಲ್ಲಿಯ ಹಿಂದಿ.
ಖಲಾಸ್ ಅಂದರೆ ಮುಗಿಯಿತು, ಸಾಕು,
ಊಟ ಆಯಿತು, ಸತ್ತುಹೋದ.

ಅಲ್ಲಿ ಕೂತು ಇದನ್ನು ನೆನೆಯುತ್ತಿದ್ದೆವು:
ಎ.ಸಿ. ಹದಿನಾರಕ್ಕಿಟ್ಟು, ಕಂಬಳಿ ಹೊದ್ದು,
ಕಕ್ಕಡ ಹದಿನೆಂಟಕ್ಕೆ ಯಾರೋ ವಿಮಾನದಲ್ಲಿ ತಂದ
ಮದ್ದುಸೊಪ್ಪಿನ ಪಾಯಸ, ತಲೆಗೆ ಅರ್ಧ ಕಪ್ಪು.
ನಮ್ಮ ರೂಮಿನ ಪೇಶಾವರದವನೂ ಕುಡಿದ.
ಬೆಳಿಗ್ಗೆ ಪಾಯಿಖಾನೆಯಲ್ಲಿ ತನ್ನದೇ ಬಣ್ಣ ನೋಡಿ
ಆಂಬುಲೆನ್ಸಿಗೆ ಫೋನು ಮಾಡಿದ.
ಈ ಕತೆಯನ್ನು ಪ್ರತಿ ಕಕ್ಕಡಕ್ಕೂ ಈರಪ್ಪ ಹೇಳಲೇಬೇಕು.

ಇಲ್ಲಿ ಕೂತು ಅದನ್ನು ನೆನೆಯುತ್ತೇವೆ:
ಟೆರೇಸಿನ ಹಗ್ಗಕ್ಕೆ ಅಂಗಿ ಹಾಕಿ
ಕ್ಲಿಪ್ಪು ಸಿಕ್ಕಿಸಿ ತಿರುಗುವಷ್ಟರಲ್ಲಿ ಅದು ಹಪ್ಪಳ.
ಸುತ್ತಲೂ ಸಮುದ್ರ; ನಾನು ಇಳಿದದ್ದು ಎರಡೇ ಸಲ.
ಇರು ಎಂದು ಯಾರೂ ಅನ್ನಲಿಲ್ಲ. ಅದನ್ನು ನಾವು ಆಡುವುದಿಲ್ಲ.
ಸೆವ್ರಿನ್ ಬಾಯಿ ಮಾತ್ರ, ಯಾವಾಗಲೋ ಒಮ್ಮೆ:
"ಸತ್ತವರ ಕಾಲ್ಬೆರಳಿಗೆ ಚೀಟಿ ಕಟ್ಟುತ್ತಿದ್ದೆ.
ದೇಶ ಬರೆಯಲು ಜಾಗ ಇತ್ತು.
ಊರು ಬರೆಯಲು ಇರಲಿಲ್ಲ."

ಹೋದ ವಾರ ಬಾಗಿಲಲ್ಲಿ ಒಬ್ಬ ಹುಡುಗ,
ತೋಟದ ಲೈನ್‌ಮನೆಯವನು, ಅಸ್ಸಾಮಿನ ಕಡೆ.
ಇರುವುದೊಂದೇ ಜಾಕೆಟ್ಟು, ಅದೂ ನೀರು ಕುಡಿದು ಭಾರ.
"ಕಿತನಾ?" ಎಂದ.
ಬಾಯಿಗೆ ಬಂತು ನನ್ನ ಆ ಹಳೆಯ ಹಿಂದಿ;
ಅವನಿಗೆ ತಟ್ಟನೆ ತಿಳಿಯಿತು.
ಪರದೇಶಿಗಳ ಹಿಂದಿ ಎಲ್ಲೆಡೆಯೂ
ಒಂದೇ ಜಾಗದಲ್ಲಿ ಮುರಿದಿರುತ್ತದೆ.

ಹೆಸರು ಜಹಿರುಲ್. ಊರು?
ಬ್ರಹ್ಮಪುತ್ರದ ನಡುವೆ, ಮರಳಿನ ದ್ವೀಪ.
ದ್ವೀಪ ಎಂದದ್ದೇ ಎಲ್ಲರೂ ಸ್ಟೂಲು ಮುಂದೆ ಎಳೆದರು.
ಎಷ್ಟು ದೂರ? ಹೇಗೆ ಹೋಗುವುದು?
"ಈಗ ಇಲ್ಲ. ನದಿ ತಿಂದಿತು."

ಸುಲೈಮಾನಿಗೆ ನಿಂಬೆ ಹಿಂಡುತ್ತಿದ್ದ ಮೊಯ್ದು
ಹಿಂಡಿದ ಹೋಳನ್ನೇ ಮತ್ತೆ ಹಿಂಡಿದ.
ನಮ್ಮದು ಅಲ್ಲೇ ಇದೆ,
ನಾವಿಲ್ಲದೆಯೂ ಚೆನ್ನಾಗಿದೆ.

ಕೆಂಡದ ಪಕ್ಕದ ಜಾಗ ಹುಡುಗನಿಗಾಯಿತು.
"ಮುಂದಿನ ಶುಕ್ರವಾರವೂ ಬಾ" ಎಂದ ಈರಪ್ಪ.
ಶುಕ್ರವಾರ ಕೆಲಸ; ಇವತ್ತು ಜ್ವರ ಅಂತ ಸುಳ್ಳು ಹೇಳಿ ಬಂದಿದ್ದೇನೆ;
ಭಾನುವಾರ ಮಾತ್ರ ರಜೆ.

ಮಳೆ ತಗಡಿನ ಮೇಲೆ ತನ್ನ ಪಾಡಿಗೆ.
ಸೆವ್ರಿನ್ ಬಾಯಿ ಚೀಲದಲ್ಲಿ ಕೊಡೆ ಹುಡುಕುತ್ತ
ಯಾರ ಮುಖವನ್ನೂ ನೋಡದೆ ಅಂದರು:
"ನನ್ನ ಪೂಜೆ ಒಂಬತ್ತೂವರೆಗೇ ಮುಗಿಯುತ್ತದೆ."
"ಭಾನುವಾರವಾದರೆ ಮತ್ತಿ ತಾಜಾ ಸಿಗುತ್ತದೆ" ಎಂದ ಮೊಯ್ದು,
ಮೀನಿನ ಮಾತು ಯಾರೂ ಎತ್ತಿರಲಿಲ್ಲ.

ಜಾಕೆಟ್ಟು ತಂತಿಗೆ ಏರಿತು.
ಗಿರಾಕಿಯ ಚೀಟಿ ಹಚ್ಚಬೇಕು: ಹೆಸರು, ಊರು.
ಹೆಸರು ಬರೆದೆ.
ಊರಿನ ಗೆರೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತು,
ಭಾನುವಾರ
ಎಂದು ಬರೆಯಿತು.